ಗಣಕಯಂತ್ರದ ಸೇವೆಗಳೂ ಅವುಗಳ ನಿಲುಗಡೆಯೂ

ಗಣಕಯಂತ್ರದಲ್ಲಿ ಕಣ್ಣಿಗೆ ಕಾಣುವ ಕಾರ್ಯಗಳು ಕೆಲವು; ಕಾಣದೆ ನಡೆಯುವವು ಹಲವು. ಮುದ್ರಣಕ್ಕೆ ಬಂದ ಪತ್ರಗಳನ್ನು ಸರದಿಯಲ್ಲಿರಿಸುವುದು, ಗೊತ್ತಾದ ವೇಳೆಗೆ ಗೊತ್ತಾದ ಕೆಲಸವನ್ನು ನೆರವೇರಿಸುವುದು, ದೂರದ ಬಳಕೆದಾರನಿಗೆ ಪ್ರವೇಶವೀಯುವುದು ಇವೆಲ್ಲ ತೆರೆಯ ಮರೆಯ ಸೇವೆಗಳು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಂದ ಉದಯಿಸಿದ ಯುನಿಕ್ಸ್ ಪರಂಪರೆಯಲ್ಲಿ ಇವುಗಳಿಗೆ ‘ಡೀಮನ್’ ಎಂದು ಹೆಸರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ಸದಾ ವಿಂಗಡಿಸುತ್ತಿರುವ ಅದೃಶ್ಯ ಜೀವಿಯಿಂದ ಈ ಹೆಸರು ಬಂದಿತು. ದುಷ್ಟಶಕ್ತಿಯೆಂಬ ಅರ್ಥ ಇಲ್ಲಿ ಸಲ್ಲದು.

ಯಂತ್ರವು ಎಚ್ಚರಗೊಂಡೊಡನೆ ಮೊದಲು ಹುಟ್ಟುವ ಪ್ರಕ್ರಿಯೆಯ ಸಂಖ್ಯೆ 1. ಅದೇ ಉಳಿದ ಸೇವೆಗಳಿಗೆಲ್ಲ ಮೂಲ. ಇಂದಿನ ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಸ್ಥಾನವು 2010ರಲ್ಲಿ ಪ್ರಕಟವಾದ ಸಿಸ್ಟಮ್‌ಡಿಯದು. ಅದಕ್ಕೆ ಅಪ್ಪಣೆ ಕೊಡುವ ಸಾಧನವೇ ಸಿಸ್ಟಮ್‌ಸಿಟಿಎಲ್.

ನಿಲುಗಡೆಯಲ್ಲಿ ಮೂರು ಬಗೆಗಳನ್ನು ಅರಿಯತಕ್ಕದ್ದು. ‘ಸ್ಟಾಪ್’ ಎಂಬ ಆಜ್ಞೆಯು ಸೇವೆಯನ್ನು ಆ ಕ್ಷಣಕ್ಕೆ ಮಾತ್ರ ನಿಲ್ಲಿಸುತ್ತದೆ. ಯಂತ್ರವನ್ನು ಮತ್ತೆ ಚಾಲನೆಗೊಳಿಸಿದಾಗ ಅದು ತಾನಾಗಿ ಏಳಬಹುದು. ‘ಡಿಸೇಬಲ್’ ಎಂಬುದು ಹಾಗೆ ತಾನಾಗಿ ಏಳುವುದನ್ನು ತಪ್ಪಿಸುತ್ತದೆ. ಆದರೆ ಈಗ ನಡೆಯುತ್ತಿರುವುದನ್ನು ನಿಲ್ಲಿಸದು, ಮತ್ತೊಂದು ಸೇವೆ ಕರೆದರೆ ಏಳುವುದನ್ನೂ ತಡೆಯದು. ‘ಮಾಸ್ಕ್’ ಮಾಡಿದರೆ, ಯಾರು ಕರೆದರೂ ಆ ಸೇವೆ ಏಳಲಾರದು. ಈ ಭೇದವನ್ನರಿಯದವನು ನಿಲ್ಲಿಸಿದೆನೆಂದು ನಂಬಿದ ಸೇವೆಯು ಮರುದಿನ ನಡೆಯುತ್ತಿರುವುದನ್ನು ಕಂಡು ಬೆರಗಾಗುತ್ತಾನೆ.

ನಿಲ್ಲಿಸುವ ಕ್ರಮವೂ ಗಮನಾರ್ಹ. ಸಾಮಾನ್ಯವಾಗಿ ಮೊದಲು ಸೇವೆಗೆ 15ನೆಯ ಸಂಕೇತ ಹೋಗುತ್ತದೆ. ಅದು ವಿನಂತಿಯ ಸ್ವರೂಪದ್ದು. ಸೇವೆಯು ಬರೆಯುತ್ತಿದ್ದುದನ್ನು ಪೂರೈಸಿ, ತೆರೆದ ಕಡತಗಳನ್ನು ಮುಚ್ಚಿ, ತಾನಾಗಿ ನಿರ್ಗಮಿಸಲು ಅವಕಾಶ ಪಡೆಯುತ್ತದೆ. ಗೊತ್ತಾದ ಅವಧಿ, ಅನೇಕ ಕಡೆ 90 ಸೆಕೆಂಡು, ಕಳೆದರೂ ಅದು ಹೊರಡದಿದ್ದರೆ 9ನೆಯ ಸಂಕೇತ ಬರುತ್ತದೆ. ಇದನ್ನು ಸೇವೆಯು ತಡೆಯಲಾರದು, ಕೇಳಿಸಿಕೊಳ್ಳಲೂ ಆರದು, ಇದ್ದಂತೆಯೇ ಅಳಿಯುತ್ತದೆ. ಆತುರದಿಂದ ಮೊದಲೇ 9ನ್ನು ಪ್ರಯೋಗಿಸಿದಲ್ಲಿ ಬರೆಯುತ್ತಿದ್ದ ಕಡತವು ಅರ್ಧದಲ್ಲೇ ಉಳಿದು, ಹಲವರ ಶ್ರಮ ವ್ಯರ್ಥವಾಗುವ ಭಯವುಂಟು.

ಆದುದರಿಂದ ನಿರ್ವಾಹಕನು ಮೊದಲು ‘ಸ್ಟೇಟಸ್’ ಆಜ್ಞೆಯಿಂದ ಸೇವೆಯ ಸ್ಥಿತಿಯನ್ನು ತಿಳಿದು, ಅದನ್ನು ನೆಚ್ಚಿಕೊಂಡಿರುವ ಇತರ ಸೇವೆಗಳಾವುವೆಂದು ವಿಚಾರಿಸಬೇಕು. ದೂರದಲ್ಲಿ ಕುಳಿತು ಜಾಲಸಂಪರ್ಕದ ಸೇವೆಯನ್ನೇ ನಿಲ್ಲಿಸುವುದು ತಾನು ಕುಳಿತ ಕೊಂಬೆಯನ್ನು ತಾನೇ ಕಡಿದಂತೆ. ಅನಗತ್ಯವಾದ ಸೇವೆಯನ್ನು ನಿಲ್ಲಿಸುವುದರಿಂದ ಯಂತ್ರದ ಭಾರ ಇಳಿಯುತ್ತದೆ, ಅನ್ಯರು ನುಸುಳುವ ದಾರಿಯೂ ಮುಚ್ಚುತ್ತದೆ. ಆದರೆ ಯಾವುದು ಅನಗತ್ಯವೆಂಬ ನಿರ್ಣಯವನ್ನು ಯಂತ್ರವು ಮಾಡದು. ಅದು ವಿವೇಕವುಳ್ಳ ಮನುಷ್ಯನ ಹೊಣೆ.