ಬರೆಯುವ ಕೈಗೆ ಒಗ್ಗುವ ಕೀಲಿಮಣೆ

ನಮ್ಮ ಹುಣಸಗಿಯ ಪರಿಸರದಲ್ಲಿ ದೊರೆತ ಹಳೆಯ ಶಿಲಾಯುಗದ ಕೈಗೊಡಲಿಗಳನ್ನು ಕಂಡವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಉಪಕರಣವು ಹಿಡಿಯುವ ಕೈಗೆ ಒಗ್ಗಬೇಕು. ಲ್ಯಾಪ್‌ಟಾಪಿಗೆ ನಿಸ್ತಂತು ಕೀಲಿಮಣೆಯನ್ನು ಕೊಳ್ಳುವಾಗಲೂ ಇದೇ ವಿವೇಕ ಬೇಕು.

ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಅನುಕೂಲವಾದರೆ ಕತ್ತು ಬಾಗುತ್ತದೆ. ಹಸ್ತಪ್ರತಿಗಳ ಪಾಠವನ್ನು ಬೆರಳಚ್ಚಿಸುತ್ತ ನನ್ನ ಕತ್ತು ನೊಂದು, ಬರವಣಿಗೆಯನ್ನೇ ಬಿಡುವ ಸ್ಥಿತಿ ಬಂದಿತ್ತು. ಈಗ ಲ್ಯಾಪ್‌ಟಾಪು ಮೇಜಿನ ಮೇಲಿನ ವ್ಯಾಸಪೀಠವೇರಿ ಕಣ್ಣಿನ ಮಟ್ಟಕ್ಕೆ ಬಂದಿದೆ. ಬೇರೆ ಕೀಲಿಮಣೆ ಮೊಣಕೈಯ ಮಟ್ಟದಲ್ಲಿದೆ.

ಕನ್ನಡಕ್ಕೆಂದು ಪ್ರತ್ಯೇಕ ಕೀಲಿಮಣೆಯನ್ನು ಅರಸಬೇಕಾಗಿಲ್ಲ, ಅಕ್ಷರವಿನ್ಯಾಸವಿರುವುದು ತಂತ್ರಾಂಶದಲ್ಲಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ‘ಕೆ’ ಕೀಲಿಯಿಂದ ಕಕಾರ. ಶಿಫ್ಟ್ ಸಮೇತ ಒತ್ತಿದರೆ ಖಕಾರ. ಮಹಾಪ್ರಾಣಕ್ಕೂ ದೀರ್ಘಸ್ವರಕ್ಕೂ ಶಿಫ್ಟ್ ಬೇಕಾಗುವುದರಿಂದ, ಇಕ್ಕೆಲಗಳಲ್ಲಿಯೂ ಆ ಕೀಲಿಗಳು ಅಗಲವಾಗಿರುವ ಮಣೆಯನ್ನೇ ಆರಿಸಿರಿ. ಅಂದಕ್ಕೆ ಮರುಳಾಗಿ ನಾನು ಮೊದಲು ಕೊಂಡ ಕಿರುಮಣೆಯಲ್ಲಿ ಬಲಗಡೆಯ ಶಿಫ್ಟ್ ಅಂಗಿಯ ಗುಂಡಿಯಷ್ಟಿದ್ದು, ‘ಧರ್ಮ’ವು ಹಲವು ಸಲ ‘ದರ್ಮ’ವಾಯಿತು!

ನಿಸ್ತಂತು ಸಂಪರ್ಕ ಎರಡು ಬಗೆ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ 2.4 ಗಿಗಾಹರ್ಟ್ಸ್‌ನ ಪುಟ್ಟ ಗ್ರಾಹಕವು ಸರಳ. ಆದರೆ ಅದು ಕಳೆದುಹೋದರೆ ಮಣೆ ನಿರುಪಯೋಗವಾದೀತು. ಲ್ಯಾಪ್‌ಟಾಪಿನಲ್ಲಿಯೇ ಬ್ಲೂಟೂತ್ ಇದ್ದರೆ ಅಂತಹ ತುಣುಕು ಬೇಡ. ಅದೇ ಮಣೆ ಮೊಬೈಲಿಗೂ ಒದಗುತ್ತದೆ. ಗಡಿಯಾರಕ್ಕೆ ಹಾಕುವ ಸಾಧಾರಣ ಸೆಲ್ಲಿನಿಂದ ನಡೆಯುವುದಾದರೆ ಹಳ್ಳಿಯಲ್ಲಿಯೂ ಚಿಂತೆಯಿಲ್ಲ.

ಓದುಗ ಬಂಧುಗಳೇ, ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಹತ್ತು ಸಾಲು ಕನ್ನಡ ಬೆರಳಚ್ಚಿಸಿ ನೋಡಿರಿ. ಮಿಂಚುವ ದೀಪಗಳನ್ನಲ್ಲ, ನಿಮ್ಮ ಬೆರಳುಗಳನ್ನು ಕೇಳಿರಿ. ದೇಹ ನೋಯದಿದ್ದರೆ ತಾನೇ ಬರವಣಿಗೆಯ ಕಾಯಕ ಮುಂದುವರಿದೀತು?