ಮಳೆ ಗೊತ್ತು, ಊರು ಗೊತ್ತಿಲ್ಲ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನಿಂತರೆ ಮೊದಲು ಕಿವಿಗೆ ಬೀಳುವುದು ಚಹಾದವರ ಕೂಗು, ಅದರ ಬೆನ್ನಿಗೇ ಬಿಸಿ ವಡೆಯ ವಾಸನೆ. ಹುಬ್ಬಳ್ಳಿ ಕಡೆಯವರು, ಹಾಸನ–ಮಂಗಳೂರಿನ ಕಡೆಯವರು ಗಂಟುಮೂಟೆ ಹೊತ್ತು ಆಚೀಚೆ ಓಡುವ ಈ ಗದ್ದಲದಲ್ಲಿ ಪ್ಲಾಟ್‌ಫಾರಂ ತುದಿಯ ಹಳದಿ ಫಲಕ ಓದುವವರು ಯಾರು? ಊರ ಹೆಸರಿನಡಿ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದೆ. ಇಲ್ಲಿ ಅದು ಎಂಟುನೂರು ಮೀಟರಿಗಿಂತ ಚೂರು ಹೆಚ್ಚು. ಅದರ ಕೆಳಗೆ ಬೇರೆ ಬೇರೆ ಬಗೆಯ ಎರಡು ಫೋನು ಹಿಡಿದು ನೋಡಿ. ಒಂದು ಫಲಕದ ಮಾತಿಗೆ ಹೂಂಗುಟ್ಟೀತು, ಇನ್ನೊಂದು ಏಳುನೂರ ಚಿಲ್ಲರೆಯಲ್ಲೇ ನಿಂತೀತು. ಎರಡೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ.

ಫಲಕದ ಲೆಕ್ಕ ಹೊರಟಿದ್ದು ಕಡಲಿನಿಂದ. ಕಾರವಾರವೂ ಸೇರಿ ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ಅಳೆದು, ಊರಿಂದೂರಿಗೆ ಮಟ್ಟ ಹಿಡಿಯುತ್ತ ನಡೆದ ಸರ್ವೆಯವರು 1909ರ ಹೊತ್ತಿಗೆ ದೇಶಕ್ಕೊಂದು ಸೊನ್ನೆ ಗೊತ್ತುಮಾಡಿದರು. ಜಿಪಿಎಸ್‌ಗೆ ಈ ಕಡಲಿನ ಪರಿಚಯವಿಲ್ಲ. ಅದರ ಸೊನ್ನೆ ಇರುವುದು ಗಣಿತ ಕಟ್ಟಿಕೊಂಡ ನುಣುಪು ಗೋಳದ ಮೇಲೆ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ಸಡಿಲ, ಹಾಗಾಗಿ ಕಡಲ ಮಟ್ಟ ಆ ಗೋಳಕ್ಕಿಂತ 106 ಮೀಟರಿನಷ್ಟು ತಗ್ಗು. ಆ ತಗ್ಗಿನ ಅಂಚು ನಮ್ಮ ತನಕ ಹಬ್ಬಿದೆ. ಹಾಸನದ ಕಡೆ ವ್ಯತ್ಯಾಸ 85ರಿಂದ 90 ಮೀಟರ್. ಅದನ್ನು ಸರಿದೂಗಿಸಿದ ಫೋನು ಫಲಕಕ್ಕೆ ಹೂಂಗುಟ್ಟುತ್ತದೆ, ಸರಿದೂಗಿಸದ್ದು ಏಳುನೂರ ಚಿಲ್ಲರೆಯಲ್ಲಿ ನಿಲ್ಲುತ್ತದೆ.

ಜಾವಗಲ್ ದಾರಿ ಹಿಡಿದರೆ ಎರಡೂ ಬದಿ ತೆಂಗು, ಕೊಬ್ಬರಿಗೆಂದು ಬಿಟ್ಟ ಕಾಯಿ, ಸುಲಿದ ಮಟ್ಟೆಯ ಗುಡ್ಡೆ, ನಡುನಡುವೆ ರಾಗಿ ಹೊಲ. ಪಂಚಾಯಿತಿ ಕಚೇರಿಯ ಬಳಿ ಸೋಲಾರ್ ಫಲಕ ಹೊತ್ತ ಮಳೆಮಾಪಕ ಕಂಡರೆ ಗಾಡಿ ನಿಲ್ಲಿಸಿ. ಒಳಗೆ ಪುಟ್ಟ ಬಟ್ಟಲು ಮಳೆನೀರು ತುಂಬಿದಾಗೆಲ್ಲ ಟಕ್ಕೆಂದು ವಾಲಿ ಬರಿದಾಗುತ್ತದೆ. ಯಂತ್ರ ಆ ವಾಲಾಟ ಎಣಿಸಿ, ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ವರದಿ ಒಪ್ಪಿಸುತ್ತದೆ. 1988ರಲ್ಲಿ ಬರ ನೋಡಿಕೊಳ್ಳಲೆಂದು ಹುಟ್ಟಿದ ಈ ಕೇಂದ್ರ ಈಗ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಾಪಕ ಇಟ್ಟಿದೆ.

ಮಳೆ ಎಷ್ಟು ಬಂತೆಂದು ಹೇಳಬಲ್ಲ ಇಂಥ ಪೆಟ್ಟಿಗೆಗೆ ತಾನು ಎಲ್ಲಿದ್ದೇನೆಂದು ಯಾರಾದರೂ ಹೇಳಿಕೊಡಬೇಕು. ನಿಲ್ಲಿಸಿದವರು ಬರೆದದ್ದೇ ಅದರ ವಿಳಾಸ. ಕಚೇರಿ ಚಾವಣಿಯಿಂದ ಶಾಲೆಯ ಅಂಗಳಕ್ಕೆ ಎತ್ತಿಟ್ಟು ದಾಖಲೆ ತಿದ್ದದಿದ್ದರೆ, ಹಳೆಯ ಚಾವಣಿಯ ಹೆಸರಿನಲ್ಲೇ ಮಳೆ ಜಮೆಯಾಗುತ್ತದೆ. ಊರೇ ತಪ್ಪಿದರಂತೂ ಲೆಕ್ಕವೇ ಕೆಟ್ಟಿತು: ಮಲೆನಾಡಿನ ಅಂಚಿನ ಬೇಲೂರಿಗೂ ಬಯಲಿನ ಅರಸೀಕೆರೆಗೂ ಮಳೆಯಲ್ಲಿ ಎಷ್ಟು ಅಂತರವೆಂದು ಇಲ್ಲಿನ ರೈತರನ್ನು ಕೇಳಬೇಕು! ಗಾಳಿಯ ಒತ್ತಡ ಅಳೆಯುವ ಯಂತ್ರವಾದರೆ ಎತ್ತರದ ತಪ್ಪು ಇನ್ನೂ ದುಬಾರಿ: ತೊಂಬತ್ತು ಮೀಟರ್ ಹೆಚ್ಚುಕಮ್ಮಿಯಾದರೆ ಸಮುದ್ರ ಮಟ್ಟಕ್ಕೆ ಇಳಿಸಿದ ಒತ್ತಡ ಸುಮಾರು ಹತ್ತು ಮಿಲಿಬಾರ್ ಏರುಪೇರು. ಶುಭ್ರ ಆಕಾಶದಡಿ ಕಾಗದದ ಮೇಲೊಂದು ವಾಯುಭಾರ ಕುಸಿತ ಎದ್ದುಬಿಡಬಹುದು.

ಯಂತ್ರ ತಾನೆಲ್ಲಿದ್ದೇನೆಂದು ಜಾಲವನ್ನೇ ಕೇಳಬಾರದೇ? ಹಳೇಬೀಡಿನಲ್ಲಿ ಎಳನೀರು ಕೊಚ್ಚುವವರ ಪಕ್ಕ ನಿಂತು ಇಂಟರ್‌ನೆಟ್ ತೆರೆದರೆ ಅದು ನಿಮ್ಮನ್ನು ಬೆಂಗಳೂರಿನವರೆಂದೇ ಮಾತಾಡಿಸಬಹುದು. ಐಪಿ ವಿಳಾಸ ಕಂಪನಿಯದು, ನೆಲದ್ದಲ್ಲ. 1996ರಲ್ಲಿ ಡೊಮೈನ್ ಹೆಸರಿನ ಜೊತೆ ಅಕ್ಷಾಂಶ, ರೇಖಾಂಶ, ಎತ್ತರ ಬರೆದಿಡಲು ಒಂದು ನಮೂನೆ ಮಾಡಿದ್ದರು. ಎತ್ತರವನ್ನು ಆ ಗಣಿತದ ಗೋಳಕ್ಕಿಂತ ನೂರು ಕಿಲೋಮೀಟರ್ ಕೆಳಗಿನಿಂದ ಸೆಂಟಿಮೀಟರಿನಲ್ಲಿ ಎಣಿಸಬೇಕು. ಅಚ್ಚುಕಟ್ಟಾದ ಏರ್ಪಾಡು, ತುಂಬಿದವರು ವಿರಳ.

ಅಲ್ಲಿಂದ ಹದಿನಾರು ಕಿಲೋಮೀಟರ್ ಬೇಲೂರು. 1117ರ ಚೆನ್ನಕೇಶವ ಗುಡಿಯ ಬಿಸಿ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಓಡಿ ಜಗತಿ ಏರುತ್ತೀರಿ. ಮೊಣಕಾಲಿಗೆ ತಿಳಿದ ಆ ಏರು ಫೋನಿಗೆ ತಿಳಿಯುವುದು ಕಷ್ಟ. ಉಪಗ್ರಹಗಳೆಲ್ಲ ತಲೆಯ ಮೇಲೇ, ಕಾಲಡಿಯಿಂದ ಸಾಕ್ಷಿ ಹೇಳಲು ಒಂದೂ ಇಲ್ಲ. ಹಾಗಾಗಿ ಜಿಪಿಎಸ್ ಅಡ್ಡಡ್ಡಕ್ಕಿಂತ ಮೇಲೆ–ಕೆಳಗೆ ಹೆಚ್ಚು ತಪ್ಪುತ್ತದೆ. ಯಂತ್ರ ಕೂರಿಸುವವರ ಹಾಳೆಯಲ್ಲಿ ಎತ್ತರದ ಪಕ್ಕ ಇನ್ನೆರಡು ಕಲಂ ಬೇಕು: ಯಾವ ಸೊನ್ನೆಯಿಂದ, ನೆಲಕ್ಕೋ ಚಾವಣಿಗೋ.