ಸರಣಿವಸತಿಗೃಹಗಳ ನೆನಪು: ಒಂದು ಭಾವವಿಚಾರ

ಸ್ಮೃತಿಯೆಂಬುದು ನಮ್ಮ ನೈಯಾಯಿಕರಿಗೂ ಆಲಂಕಾರಿಕರಿಗೂ ಸಮಾನವಾದ ವಿಚಾರವಸ್ತು. ಮೊದಲನೆಯವರಿಗೆ ಅದು ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನ. ಎರಡನೆಯವರಿಗೆ ಭರತಮುನಿಯು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಒಂದು. ಈ ಎರಡು ಶಾಸ್ತ್ರಗಳನ್ನೂ ಪಾಠಶಾಲೆಯಲ್ಲಿ ಬೇರೆಬೇರೆ ಗುರುಗಳ ಬಳಿ ಓದಿದ ನನ್ನಂಥವರಿಗೆ ಇವೆರಡೂ ಒಂದೇ ಉದಾಹರಣೆಯಲ್ಲಿ ಸಂಧಿಸುವ ಪ್ರಸಂಗವು ಅಪರೂಪ. ಅಂಥದೊಂದು ಈಚೆಗೆ ದೊರೆಯಿತು. ದೊರೆತ ಸ್ಥಳ ಮಾತ್ರ ಶಾಸ್ತ್ರಜ್ಞರಿಗೆ ಹಾಸ್ಯಾಸ್ಪದವಾಗಿ ತೋರಬಹುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಮಧ್ಯಮವರ್ಗದ ಕುಟುಂಬಗಳು ಬೇಸಗೆಯ ರಜೆಯಲ್ಲಿ ಕಾರಿನಲ್ಲಿ ಸಂಚರಿಸುವಾಗ ಒಂದೊಂದು ರಾತ್ರಿ ತಂಗುತ್ತಿದ್ದ, ಅತಿ ದುಬಾರಿಯೂ ಅತಿ ಹೀನವೂ ಅಲ್ಲದ, ಒಂದೇ ಹೆಸರಿನಲ್ಲಿ ದೇಶವೆಲ್ಲ ಹರಡಿದ್ದ ವಸತಿಗೃಹಗಳೇ ಆ ಸ್ಥಳ. ಆಗ ಮಕ್ಕಳಾಗಿದ್ದವರು ಈಗ ನಡುವಯಸ್ಸನ್ನೋ ಮುಪ್ಪನ್ನೋ ಮುಟ್ಟಿ, ಆ ಗೃಹಗಳನ್ನು ಹುಟ್ಟಿದ ಮನೆಯನ್ನು ನೆನೆಯುವಂತೆ ನೆನೆಯುತ್ತಾರೆ. ಇದು ಬಾಲಿಶವಾದ ಹಂಬಲವೋ, ಸಾಹಿತ್ಯಶಾಸ್ತ್ರವು ಅಂಗೀಕರಿಸತಕ್ಕ ಭಾವವೋ ಎಂಬುದು ಪ್ರಕೃತ ಲೇಖನದ ವಿಷಯ. ನಗುವವರು ನಗಲಿ, ನಾನೂ ಮೊದಲು ನಕ್ಕವನೇ.

ಪದದ ವಿಷಯದಲ್ಲಿ ಒಂದು ಮಾತು. ಕನ್ನಡದಲ್ಲಿ ಹೋಟೆಲು ಎಂದೊಡನೆ ನೆನಪಿಗೆ ಬರುವುದು ದೋಸೆ ಕಾಫಿಗಳೇ ಹೊರತು ಹಾಸಿಗೆಯಲ್ಲ. ತಂಗುವ ಸ್ಥಳವನ್ನು ನಾವು ಛತ್ರವೆನ್ನುತ್ತೇವೆ, ಇಲ್ಲವೆ ಲಾಡ್ಜ್ ಎನ್ನುತ್ತೇವೆ. ಆದುದರಿಂದ ಒಂದೇ ಸಂಸ್ಥೆಯ ಹೆಸರಿನಲ್ಲಿ ಸರಣಿಯಾಗಿ ನಡೆಯುವ ಇವುಗಳನ್ನು ಸರಣಿವಸತಿಗೃಹಗಳೆಂದು ಕರೆದಿದ್ದೇನೆ. ಆ ದೇಶದಲ್ಲಿಯೂ ಮೋಟೆಲ್ ಎಂಬ ಪದ ಹಳೆಯದಲ್ಲ; 1925ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಆರ್ಥರ್ ಹೈನ್‌ಮನ್ ಎಂಬ ವಾಸ್ತುಶಿಲ್ಪಿಯು ಮೋಟರ್, ಹೋಟೆಲ್ ಎಂಬೆರಡನ್ನು ಬೆಸೆದು ಅದನ್ನು ಮಾಡಿದನು. ಯಾವ ವೈಯಾಕರಣನೂ ಒಪ್ಪುವ ಸಮಾಸವಲ್ಲ, ಆದರೂ ರೂಢಿಯಾಯಿತು.

ನನ್ನ ಅಕ್ಕನ ಮಗ ಅಮೆರಿಕದ ಓಹಾಯೊ ಸಂಸ್ಥಾನದಲ್ಲಿ ಬೆಳೆದವನು. ಈಗ ನಲವತ್ತರ ಗಡಿಯಲ್ಲಿದ್ದಾನೆ. ಕಳೆದ ಸಲ ಮೈಸೂರಿಗೆ ಬಂದಾಗ ಬಾಲ್ಯದ ಪ್ರವಾಸಗಳ ಮಾತು ಬಂತು. ನಯಾಗರವನ್ನು ವರ್ಣಿಸುವನೆಂದು ನಾನು ಕಾದಿದ್ದೆ. ಅವನು, "ಮಾವ, ಜಲಪಾತವನ್ನು ನೋಡಿದ್ದೆನೆಂಬುದು ನನಗೆ ಫೋಟೊದಿಂದ ಗೊತ್ತು. ಆದರೆ ರಾತ್ರಿ ಇಳಿದುಕೊಂಡ ಹೋಟೆಲಿನ ಒಳಗಣ ಕೊಳದ ನೀರಿನ ವಾಸನೆ ಇನ್ನೂ ಮೂಗಿನಲ್ಲಿದೆ," ಎಂದನು. ಯಾವ ಊರಿನ ಹೋಟೆಲು ಎಂದು ಕೇಳಿದೆ. "ಅದೇ ಗೊತ್ತಿಲ್ಲ ಮಾವ. ಎಲ್ಲ ಊರಿನದೂ ಅದೇ ತಾನೆ?" ಎಂದವನು ಸ್ವಲ್ಪ ಹೊತ್ತು ಸುಮ್ಮನಾದನು. ಕಣ್ಣು ತೇವವಾಗಿದ್ದುದನ್ನು ಕಂಡೆ.

ಎಲ್ಲ ಊರಿನದೂ ಅದೇ ಹೇಗಾಯಿತೆಂಬುದಕ್ಕೆ ಒಂದು ಚರಿತ್ರೆ ಉಂಟು. 1951ರ ಬೇಸಗೆಯಲ್ಲಿ ಟೆನೆಸೀ ಸಂಸ್ಥಾನದ ಮೆಂಫಿಸ್ ನಗರದ ಕೆಮನ್ಸ್ ವಿಲ್ಸನ್ ಎಂಬ ಗೃಹನಿರ್ಮಾಪಕನು ಪತ್ನಿಯನ್ನೂ ಐವರು ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ನಿಗೆ ಹೊರಟನು. ದಾರಿಯ ವಸತಿಗಳಲ್ಲಿ ಕೆಲವು ಕೊಳಕು, ಕೆಲವು ಇಕ್ಕಟ್ಟು; ಒಂದು ಸಾಲದ್ದಕ್ಕೆ ಮಗುವೊಂದಕ್ಕೆ ಎರಡೆರಡು ಡಾಲರಿನಂತೆ ಹೆಚ್ಚಿನ ಬಾಡಿಗೆ. ಊರಿಗೆ ಹಿಂದಿರುಗಿದವನು 1952ರ ಆಗಸ್ಟಿನಲ್ಲಿ ಮೆಂಫಿಸ್ಸಿನ ಸಮರ್ ಅವೆನ್ಯೂ ರಸ್ತೆಯಲ್ಲಿ 120 ಕೊಠಡಿಗಳ ಗೃಹವೊಂದನ್ನು ತೆರೆದನು. ತಂದೆತಾಯಿಗಳೊಡನೆ ತಂಗುವ ಮಕ್ಕಳಿಗೆ ಬಾಡಿಗೆಯಿಲ್ಲ. ಈಜುಕೊಳ, ತಂಪುಗಾಳಿಯ ಯಂತ್ರ, ಭೋಜನಶಾಲೆ, ಬೇಕಾದಷ್ಟು ಮಂಜುಗಡ್ಡೆ ಎಲ್ಲವೂ ಉಂಟು. ಹಾಲಿಡೇ ಇನ್ ಎಂಬ ಹೆಸರನ್ನು ನಕ್ಷೆ ಬರೆಯುವವನು 1942ರ ಅದೇ ಹೆಸರಿನ ಚಲಚ್ಚಿತ್ರವನ್ನು ನೆನೆದು ವಿನೋದಕ್ಕಾಗಿ ನಕ್ಷೆಯ ಮೇಲೆ ಬರೆದಿದ್ದನು, ವಿನೋದವೇ ನಿಂತಿತು. 1956ರ ಶಾಸನದಿಂದ 41,000 ಮೈಲಿಗಳ ಅಂತರಸಂಸ್ಥಾನ ಹೆದ್ದಾರಿಗಳ ಯೋಜನೆ ಕೈಗೂಡತೊಡಗಿತು. ಹೆದ್ದಾರಿಗಳ ನಿರ್ಗಮಗಳಲ್ಲೆಲ್ಲ ಈ ಗೃಹಗಳೆದ್ದವು. 1968ರಲ್ಲಿ ಸಾವಿರದ ಗೃಹ ತೆರೆಯಿತು. 1972ರಲ್ಲಿ ಟೈಮ್ ಪತ್ರಿಕೆಯು ವಿಲ್ಸನ್ನನ ಚಿತ್ರವನ್ನು ಮುಖಪುಟಕ್ಕೆ ಹಾಕಿ, ಮೂರು ಲಕ್ಷ ಮಂಚಗಳ ಒಡೆಯನೆಂದು ಅವನನ್ನು ಕರೆಯಿತು. ಕಿತ್ತಳೆ ಬಣ್ಣದ ಮಾಡಿಗೂ 28 ಬಗೆಯ ಐಸ್‌ಕ್ರೀಮಿಗೂ ಹೆಸರಾದ ಹಾವರ್ಡ್ ಜಾನ್ಸನ್ ಸಂಸ್ಥೆಯೂ 1954ರಲ್ಲಿ ಜಾರ್ಜಿಯದ ಸವಾನಾದಲ್ಲಿ ವಸತಿಗಳನ್ನು ಆರಂಭಿಸಿತು. ಇತರರ ಹೆಸರುಗಳು ಇಲ್ಲಿ ಬೇಡ.

ಮುಖ್ಯವಾದುದು ಒಳಗಣ ವ್ಯವಸ್ಥೆ. ಕೊಠಡಿಯಲ್ಲಿ ಎರಡು ಅಗಲವಾದ ಮಂಚಗಳು, ಗೋಡೆಗೊರಗಿಸಿದ ಟೆಲಿವಿಷನ್, ಕಾಗದದಲ್ಲಿ ಸುತ್ತಿಟ್ಟ ಗಾಜಿನ ಲೋಟಗಳು, ಮೇಜಿನ ಖಾನೆಯಲ್ಲಿ ಬೈಬಲ್ಲು, ಹಜಾರದ ಕೊನೆಯಲ್ಲಿ ಗುರುಗುಟ್ಟುವ ಮಂಜುಗಡ್ಡೆಯ ಯಂತ್ರ. ಬಕೆಟ್ಟು ಹಿಡಿದು ಮಂಜುಗಡ್ಡೆ ತರುವ ಅಧಿಕಾರ ಮಕ್ಕಳದು. ಹಲವೆಡೆ ನಾಣ್ಯ ಹಾಕಿದರೆ ಹದಿನೈದು ನಿಮಿಷ ನಡುಗುವ ಮಂಚವೂ ಇರುತ್ತಿತ್ತು. ಅದನ್ನು 1958ರಲ್ಲಿ ಜಾನ್ ಹೌಟಲಿಂಗ್ ಎಂಬವನು ಕಂಡುಹಿಡಿದನು. 1970ರ ದಶಕದಲ್ಲಿ ಕೊಳದ ಮೇಲೆ ಮಾಡು ಹಾಕಿ, ಸುತ್ತ ಗಿಡಗಳನ್ನೂ ಆಟದ ಮೇಜುಗಳನ್ನೂ ಇಟ್ಟ ಹಾಲಿಡೋಮ್ ಎಂಬ ಅಂಗಳಗಳು ಬಂದವು. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಈಜಬಹುದು. ನನ್ನ ಸೋದರಳಿಯನ ಮೂಗಿನಲ್ಲಿ ಉಳಿದಿರುವುದು ಅಂಥ ಅಂಗಳದ ಕ್ಲೋರೀನು. ಹೊರಗೆ ರಸ್ತೆಯಂಚಿನಲ್ಲಿ ಸುಮಾರು 50 ಅಡಿ ಎತ್ತರದ ಹಸಿರು ಫಲಕ, ಅದಕ್ಕೆ ಬಾಗಿದ ಹಳದಿ ಬಾಣ, ನೆತ್ತಿಯ ಮೇಲೊಂದು ನಕ್ಷತ್ರ. ಕಾರಿನ ಹಿಂದಿನ ಸೀಟಿನಲ್ಲಿ ದಿನವೆಲ್ಲ ಕುಳಿತು ಬಳಲಿದ ಮಗುವಿಗೆ ಆ ನಕ್ಷತ್ರವೇ ಸಂಜೆಯ ಧ್ರುವವಾಗಿತ್ತು.

ಇನ್ನು ವಿಚಾರಕ್ಕೆ ಬರೋಣ. ಇಂಥ ಹಂಬಲಕ್ಕೆ ಪಾಶ್ಚಾತ್ಯರು ಬಳಸುವ ನಾಸ್ಟಾಲ್ಜಿಯ ಎಂಬ ಪದವನ್ನು 1688ರಲ್ಲಿ ಯೋಹಾನಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು ಬಾಸೆಲ್ ನಗರದಲ್ಲಿ ತನ್ನ ಪ್ರಬಂಧಕ್ಕಾಗಿ ನಿರ್ಮಿಸಿದನು. ಗ್ರೀಕಿನಲ್ಲಿ ಮೊದಲ ಭಾಗಕ್ಕೆ ಮನೆಗೆ ಮರಳುವುದೆಂದೂ ಎರಡನೆಯದಕ್ಕೆ ನೋವೆಂದೂ ಅರ್ಥ. ಅವನಿಗೆ ಅದು ಊರು ಬಿಟ್ಟವರಿಗೆ ಬರುವ ವ್ಯಾಧಿ. ಪೂರ್ವಪಕ್ಷಿಯು ಇಲ್ಲಿಯೇ ಎದ್ದು ಕೇಳಬಹುದು: ಮರಳಬೇಕಾದ ಮನೆ ಯಾವುದು? ಒಂದು ರಾತ್ರಿ ಮಾತ್ರ ತಂಗಿದ, ಊರಿನ ಹೆಸರೂ ತಿಳಿಯದ, ಸಾವಿರ ಪ್ರತಿಗಳಿರುವ ಕೊಠಡಿಯನ್ನು ಕುರಿತ ಹಂಬಲಕ್ಕೆ ವಿಷಯವೇ ಇಲ್ಲವಲ್ಲ?

ಉತ್ತರಕ್ಕೆ ಮೊದಲು ನ್ಯಾಯಶಾಸ್ತ್ರವನ್ನು ನೋಡೋಣ. 'ಅದೇ ಇದು' ಎಂಬ ಪ್ರತ್ಯಭಿಜ್ಞೆಯು ವ್ಯಕ್ತಿಯ ಅಭೇದವನ್ನೇ ತಿಳಿಸಬೇಕೆಂಬ ನಿಯಮವಿಲ್ಲವೆಂದು ಮುಕ್ತಾವಳಿಯಲ್ಲಿ ವಿಶ್ವನಾಥಪಂಚಾನನನು ಶಬ್ದದ ಪ್ರಕರಣದಲ್ಲಿ ತೋರಿಸಿಕೊಟ್ಟಿದ್ದಾನೆ. ಮತ್ತೊಬ್ಬನು ಕುಡಿದ ಔಷಧವನ್ನೇ ನಾನೂ ಕುಡಿದೆನೆಂದರೆ ಅದೇ ಗುಟುಕು ಎಂದರ್ಥವಲ್ಲ, ಅದೇ ಜಾತಿಯದೆಂದರ್ಥ. ಬಾಲ್ಯದಲ್ಲಿ ಈ ದೃಷ್ಟಾಂತವನ್ನು ಬಾಯಿಪಾಠ ಮಾಡಿದಾಗ ಇದರಿಂದೇನು ಪ್ರಯೋಜನವೆಂದು ನನಗನ್ನಿಸಿತ್ತು. ಈಗ ನೋಡಿದರೆ, ಸರಣಿವಸತಿಗೃಹವೆಂಬುದು ಈ ಸಜಾತೀಯಪ್ರತ್ಯಭಿಜ್ಞೆಯನ್ನೇ ಬಂಡವಾಳವಾಗಿಸಿಕೊಂಡ ವ್ಯಾಪಾರ. ಎಂದೂ ಕಾಣದ ಊರಿನ ಕೊಠಡಿಯ ಬಾಗಿಲು ತೆರೆದು ಮಗು 'ಅದೇ' ಎನ್ನುತ್ತದೆ, ಅದು ಭ್ರಮೆಯಲ್ಲ. ಹೀಗಾಗಿ ಹತ್ತು ಊರುಗಳ ಹತ್ತು ರಾತ್ರಿಗಳು ಒಂದೇ ಸಂಸ್ಕಾರವಾಗಿ ಕೂಡಿಕೊಂಡು, ಒಂದೊಂದು ರಾತ್ರಿಗೆ ಇಲ್ಲದ ಬಲವು ಅವೆಲ್ಲಕ್ಕೂ ಸೇರಿ ಬರುತ್ತದೆ. ಅಪೂರ್ವವಾದ ಜಲಪಾತವನ್ನು ಕಂಡದ್ದು ಒಂದು ಸಲ; ಕೊಳವನ್ನು ಕಂಡದ್ದು ಪ್ರತಿ ಬೇಸಗೆ.

ಆದರೆ ಅಭ್ಯಾಸಬಲದಿಂದ ನೆನಪು ದೃಢವಾದೀತು, ಕಣ್ಣು ತೇವವಾಗದು. ಅದಕ್ಕೆ ಅಲಂಕಾರಶಾಸ್ತ್ರ ಬೇಕು. ಕನ್ನಡದಲ್ಲಿ ಹಂಬಲವೆಂದರೆ ಪಂಪನ ಬನವಾಸಿ. ಆ ಪದ್ಯಗಳನ್ನು ಪಾಠ ಹೇಳುವ ಅಧ್ಯಾಪಕರು ಒಂದಂಶವನ್ನು ಗಮನಿಸಬೇಕೆಂದು ಬಿನ್ನಹ. ಅಲ್ಲಿ ನೆನಪನ್ನು ಕೆರಳಿಸುವ ತೆಂಕಣ ಗಾಳಿ, ಹಾಡು, ಮಲ್ಲಿಗೆ ಇವೆಲ್ಲ ಎಲ್ಲ ನಾಡುಗಳಲ್ಲಿಯೂ ಇರತಕ್ಕವು. ಬನವಾಸಿಗೆ ಮಾತ್ರ ಸೇರಿದವಲ್ಲ. ಉದ್ದೀಪನವಿಭಾವವು ಹೀಗೆ ಸಾಧಾರಣವಾಗಿದ್ದರೇನೇ ಎಲ್ಲಿ ಬೇಕಾದರೂ ಎದುರಾಗಿ ಉದ್ದೀಪಿಸಬಲ್ಲುದು. ಆಲಂಬನವು ಮಾತ್ರ ಒಂದೇ, ಬನವಾಸಿ. ನಮ್ಮ ಪೂರ್ವಪಕ್ಷಿಯ ತಪ್ಪು ಇರುವುದು ಇಲ್ಲಿಯೇ: ಅವನು ಉದ್ದೀಪನವನ್ನು ಆಲಂಬನವೆಂದು ಎಣಿಸಿದ್ದಾನೆ. ಹಸಿರು ಫಲಕ, ಕೊಳದ ವಾಸನೆ, ಕಾಗದ ಸುತ್ತಿದ ಲೋಟ ಇವು ತೆಂಕಣ ಗಾಳಿಯ ಸ್ಥಾನದಲ್ಲಿವೆ, ಬನವಾಸಿಯ ಸ್ಥಾನದಲ್ಲಿಲ್ಲ.

ಹಾಗಾದರೆ ಇಲ್ಲಿ ಬನವಾಸಿ ಯಾವುದು? ಮನೆಯಲ್ಲಿ ತಂದೆ ಕೆಲಸಕ್ಕೆ ಹೋಗುತ್ತಾನೆ, ಮಕ್ಕಳು ತಮ್ಮ ತಮ್ಮ ಕೋಣೆಗಳಲ್ಲಿ ಮಲಗುತ್ತಾರೆ. ಸರಣಿಗೃಹದ ಕೊಠಡಿಯಲ್ಲಿ ನಾಲ್ಕೈದು ಜನರೂ ಎರಡು ಮಂಚಗಳ ಮೇಲೆ, ಒಂದೇ ದೀಪದ ಕೆಳಗೆ. ದುಡಿಯುವ ತಂದೆಯು ಆ ರಾತ್ರಿ ಯಾರಿಗೂ ಬೇಕಾದವನಲ್ಲ, ಮಕ್ಕಳಿಗೆ ಮಾತ್ರ ಬೇಕಾದವನು. ಆ ಕೂಡಿಕೆಯೇ ಆಲಂಬನ. ಅದಕ್ಕೆ ಪ್ರತಿಗಳಿಲ್ಲ, ಅದಕ್ಕೆ ಮರಳುವ ಹೆದ್ದಾರಿಯೂ ಇಲ್ಲ. ನನ್ನ ಭಾವನು ತೀರಿಕೊಂಡು ಆರು ವರ್ಷಗಳಾದವು ಎಂಬುದನ್ನು ಇಲ್ಲಿ ಹೇಳಬೇಕು. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಗಾನವನ್ನು ಕೇಳಿದ ದುಷ್ಯಂತನಿಗೆ ಕಾರಣ ತಿಳಿಯದ ತಳಮಳವಾಗುವುದಷ್ಟೆ. ಅಲ್ಲಿಯ ಸ್ಮೃತಿಯು ತಾರ್ಕಿಕರ ಸ್ಮೃತಿಯಲ್ಲವೆಂದು ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಹೇಳಿದ್ದಾನೆ. ಕ್ಲೋರೀನಿನ ವಾಸನೆಯಿಂದ ಕಣ್ಣು ತೇವವಾದವನಿಗೂ ತಾನು ಯಾರನ್ನು ನೆನೆಯುತ್ತಿದ್ದೇನೆಂಬುದು ಆ ಕ್ಷಣದಲ್ಲಿ ತಿಳಿದಿರಲಿಲ್ಲವೆಂದು ನನಗೆ ತೋರುತ್ತದೆ. ಶಾಸ್ತ್ರದ ಪರಿಭಾಷೆಯಲ್ಲಿ ಇದು ಸ್ಮೃತಿ, ಔತ್ಸುಕ್ಯ, ವಿಷಾದ, ಹರ್ಷಗಳು ಒಂದರಮೇಲೊಂದು ಬಂದು ಕಲೆಯುವ ಭಾವಶಬಲತೆ.

ಮತ್ತೊಂದು ಆಕ್ಷೇಪ ಇದಕ್ಕಿಂತ ಬಲವಾದುದು. ಇದು ವರ್ತಕನು ಜಾಹೀರಾತಿನಿಂದ ಹುಟ್ಟಿಸಿದ ಭಾವ, ಆದುದರಿಂದ ಭಾವಾಭಾಸ ಎಂದು ಕೆಲವು ತರುಣ ವಿಮರ್ಶಕರು ಹೇಳುತ್ತಾರೆ. ಸರಣಿಯ ಏಕರೂಪತೆಯನ್ನು ವರ್ತಕನು ಲಾಭಕ್ಕಾಗಿಯೇ ಮಾಡಿದನೆಂಬುದು ನಿಜ. ಆದರೆ ಆ ಹಸಿರು ಫಲಕವನ್ನು ಸಂಸ್ಥೆಯೇ 1982ರಲ್ಲಿ ಕೈಬಿಟ್ಟಿತು. ಹಂಬಲವು ಬೆಳೆದದ್ದು ಫಲಕಗಳು ಇಳಿದ ಮೇಲೆ. ಇಂದು ಅಂಥದೊಂದು ಮಿಚಿಗನ್ನಿನ ಡಿಯರ್‌ಬಾರ್ನಿನಲ್ಲಿರುವ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ವರ್ತಕನು ಬಿಸುಟದ್ದನ್ನು ನೆನಪು ಎತ್ತಿಕೊಂಡಿತು, ಇದನ್ನು ವರ್ತಕಸೃಷ್ಟಿಯೆನ್ನಲಾಗದು.

ಆದರೂ ಈ ಭಾವವು ಸರ್ವಸಾಧಾರಣವೆಂದು ನಾನು ಹೇಳಲಾರೆ. ಇಲ್ಲಿ ಎಚ್ಚರಿಕೆ ಬೇಕು. ಅದೇ ವಿಲ್ಸನ್ನನ ಕಾಲದಲ್ಲಿ ಅಮೆರಿಕದ ಕರಿಯ ಜನಾಂಗದ ಕುಟುಂಬಗಳಿಗೆ ದಾರಿಯ ಅನೇಕ ವಸತಿಗಳು ಮುಚ್ಚಿದ್ದವು. ಎಲ್ಲಿ ಊಟ, ಎಲ್ಲಿ ನಿದ್ರೆ ದೊರೆಯುವುದೆಂದು ತಿಳಿಸುವ ಕೈಪಿಡಿಯನ್ನು ಹಾರ್ಲೆಮ್ಮಿನ ಅಂಚೆಯವನಾದ ವಿಕ್ಟರ್ ಗ್ರೀನ್ 1936ರಿಂದ ಪ್ರಕಟಿಸಬೇಕಾಯಿತು. 1964ರ ಜುಲೈಯಲ್ಲಿ ನಾಗರಿಕ ಹಕ್ಕುಗಳ ಶಾಸನವಾಯಿತು. ಅದನ್ನು ಪ್ರತಿಭಟಿಸಿ ಅಟ್ಲಾಂಟದ ಮೋಟೆಲೊಂದು ಹೂಡಿದ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು ಅದೇ ಡಿಸೆಂಬರಿನಲ್ಲಿ ಸರ್ವಾನುಮತದಿಂದ ತಳ್ಳಿಹಾಕಿತು. ಅಲ್ಲಿಯವರೆಗೆ ಹಿಂದಿನ ಸೀಟಿನಲ್ಲಿದ್ದ ಆ ಮಕ್ಕಳಿಗೆ ಹೊಳೆಯುವ ಫಲಕವು ಯಾವ ಭಾವಕ್ಕೆ ಉದ್ದೀಪನವಾಗಿದ್ದೀತು? ಭಯ, ಅಮರ್ಷ. ಇನ್ನೊಂದು ಬಗೆಯವರು, 1965ರ ವಲಸೆಯ ಶಾಸನದ ಅನಂತರ ಹೆಚ್ಚು ಸಂಖ್ಯೆಯಲ್ಲಿ ಹೋಗಿ ಮೋಟೆಲುಗಳನ್ನು ಕೊಂಡ ಗುಜರಾತಿ ಕುಟುಂಬಗಳ ಮಕ್ಕಳು. ಇವರ ಬಾಳನ್ನು ಕುರಿತು ಪವನ್ ಢೀಂಗ್ರ ಎಂಬ ಸಮಾಜಶಾಸ್ತ್ರಜ್ಞರು 2012ರಲ್ಲಿ ಗ್ರಂಥವನ್ನೇ ಬರೆದಿದ್ದಾರೆ. ಆ ಮಕ್ಕಳಲ್ಲಿ ಅನೇಕರು ಕಚೇರಿಯ ಹಿಂದಿನ ಮನೆಯಲ್ಲಿಯೇ ಬೆಳೆದು, ಇತರರ ರಜೆಯ ಹಾಸಿಗೆಗಳ ಮಗ್ಗುಲುವಸ್ತ್ರಗಳನ್ನು ಮಡಿಸಿದವರು. ವಿಭಾವ ಒಂದೇ, ವಾಸನೆಗಳು ಬೇರೆ. ಪಾಠ ಹೇಳುವಾಗ ಸಹೃದಯನೆಂದರೆ ಎಲ್ಲರೂ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ.

ಹಾವರ್ಡ್ ಜಾನ್ಸನ್ನಿನ ಕೊನೆಯ ಭೋಜನಶಾಲೆಯು ನ್ಯೂಯಾರ್ಕ್ ಸಂಸ್ಥಾನದ ಲೇಕ್ ಜಾರ್ಜಿನಲ್ಲಿ 2022ರಲ್ಲಿ ಮುಚ್ಚಿತು. ಈ ಲೇಖನವನ್ನು ಬರೆಯುವಾಗ ನಾನು ಓಹಾಯೊದಲ್ಲಿರುವ ಅಕ್ಕನಿಗೆ ಫೋನು ಮಾಡಿ ಅವಳ ನೆನಪೇನೆಂದು ವಿಚಾರಿಸಿದೆ. ಕೊಳವೂ ಫಲಕವೂ ಅವಳಿಗೆ ನೆನಪಿರಲಿಲ್ಲ. ವಿದ್ಯುತ್ ಕುಕ್ಕರು, ಅಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಕಾರಿನಲ್ಲಿಟ್ಟುಕೊಂಡು ಹೋಗಿ, ಬಚ್ಚಲುಮನೆಯ ಕಟ್ಟೆಯ ಮೇಲೆ ಅನ್ನ ಮಾಡುತ್ತಿದ್ದಳಂತೆ. ವಾಸನೆ ಹಜಾರಕ್ಕೆ ಹೋಗದಿರಲೆಂದು ಭಾವನು ಬಾಗಿಲ ಸಂದಿಗೆ ಒದ್ದೆಯ ಟವಲು ತುರುಕುತ್ತಿದ್ದನಂತೆ. "ನಿನಗೇನು ಗೊತ್ತೋ, ನನಗೆಲ್ಲಿಯ ರಜೆ," ಎಂದಳು. ಸ್ವಲ್ಪ ತಡೆದು, "ಆ ಕುಕ್ಕರಿನ ಅಳತೆಯ ಲೋಟವನ್ನು ಯಾವುದೋ ಒಂದು ಹೋಟೆಲಿನಲ್ಲಿ ಬಿಟ್ಟು ಬಂದೆ ಕಣೋ. ಹಿಂದಕ್ಕೆ ಹೋಗಿ ತರೋಣವೆಂದು ನಿಮ್ಮ ಭಾವ ಅಂದರು; ಯಾವ ಊರಿನದೆಂದು ಇಬ್ಬರಿಗೂ ಗೊತ್ತಾಗಲಿಲ್ಲ," ಎಂದಳು.